ಹೊರವಲಯದ ಬಡಾವಣೆಯಲ್ಲಿ ಒಳ್ಳೆಯ ಭಾರತೀಯ ಊಟ ಹುಡುಕುವ ಬಗೆ

ವಿದೇಶದ ದೊಡ್ಡ ನಗರಕ್ಕೆ ಕೆಲಸದ ಮೇಲೆ ಹೋದವರು ಮೊದಲ ಒಂದೆರಡು ವರ್ಷ ಊರ ನಡುವಿನ ಇಕ್ಕಟ್ಟಾದ ಅಪಾರ್ಟ್‌ಮೆಂಟಿನಲ್ಲಿ ಕಳೆದು, ಮಗುವಾದ ಮೇಲೋ, ಅಪ್ಪ ಅಮ್ಮ ಬಂದು ಆರು ತಿಂಗಳು ಇರುವ ಸಂದರ್ಭ ಒದಗಿದಾಗಲೋ, ರೈಲುಹಾದಿಯ ಕೊನೆಯ ನಿಲ್ದಾಣದ ಆಸುಪಾಸಿನ ಹೊಸ ಬಡಾವಣೆಗೆ ಮನೆ ಬದಲಾಯಿಸುವುದು ವಾಡಿಕೆ. ಅಲ್ಲಿ ಮನೆ ದೊಡ್ಡದಿರುತ್ತದೆ, ಹಿತ್ತಲಿರುತ್ತದೆ, ಕಾರು ನಿಲ್ಲಿಸಲು ಜಾಗವಿರುತ್ತದೆ. ಆದರೆ ಮೊದಲ ಶನಿವಾರ ಅಡುಗೆ ಮಾಡಲು ಬೇಸರವಾಗಿ ಫೋನಿನಲ್ಲಿ ಹತ್ತಿರದ ‘ಇಂಡಿಯನ್ ರೆಸ್ಟೋರೆಂಟ್’ ಹುಡುಕಿದರೆ, ಪೆಟ್ರೋಲ್ ಬಂಕಿನ ಪಕ್ಕದಲ್ಲಿ ಒಂದು, ಸೂಪರ್‌ಮಾರ್ಕೆಟ್ಟಿನ ಬೆನ್ನಿಗೆ ಇನ್ನೊಂದು, ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಮೆನು, ಒಂದೇ ಕೆಂಪು ಗ್ರೇವಿ. ಇಷ್ಟಕ್ಕೇ ‘ಇಲ್ಲಿ ಏನೂ ಸಿಗುವುದಿಲ್ಲ’ ಎಂದು ತೀರ್ಮಾನಿಸಿ ವಾರವಾರವೂ ನಗರದ ನಡುವಿಗೆ ಕಾರು ಓಡಿಸುವವರನ್ನು ಬಹಳ ನೋಡಿದ್ದೇನೆ; ನಾನೂ ಒಂದು ವರ್ಷ ಹಾಗೆಯೇ ಓಡಾಡಿದ್ದೇನೆ. ಆಮೇಲೆ ತಿಳಿದದ್ದು, ನಾನು ಹೋಗುತ್ತಿದ್ದ ದಿಕ್ಕೇ ತಿರುಗುಮುರುಗು ಎಂದು.

ಭಾರತೀಯರ ಒಳ್ಳೆಯ ಅಡುಗೆ ನಗರದ ಕೇಂದ್ರದಲ್ಲಿ ನೆಲೆ ನಿಂತದ್ದಕ್ಕಿಂತ ಹೊರವಲಯದಲ್ಲಿ ನೆಲೆ ನಿಂತದ್ದೇ ಹೆಚ್ಚು. ಲಂಡನ್ನಿನ ಸೌತ್‌ಹಾಲ್ ಮತ್ತು ವೆಂಬ್ಲಿ, ಟೊರಾಂಟೊ ಬಳಿಯ ಬ್ರಾಂಪ್ಟನ್, ನ್ಯೂಜೆರ್ಸಿಯ ಎಡಿಸನ್‌ನ ಓಕ್ ಟ್ರೀ ರಸ್ತೆ, ಸಿಡ್ನಿಯ ಪಶ್ಚಿಮದ ಹ್ಯಾರಿಸ್ ಪಾರ್ಕ್, ಮೆಲ್ಬರ್ನ್‌ನ ಡ್ಯಾಂಡಿನಾಂಗ್ ಇವೆಲ್ಲ ಪ್ರವಾಸಿಗರು ಫೋಟೊ ತೆಗೆಸಿಕೊಳ್ಳುವ ಚೌಕಗಳಿಂದ ದೂರವಿರುವ ಜಾಗಗಳು. ಕೇಂದ್ರದಲ್ಲಿ ಬಾಡಿಗೆ ಹೆಚ್ಚು; ಅದನ್ನು ತುಂಬಿಸಲು ಹೋಟೆಲಿನವನು ಆಫೀಸಿನವರಿಗೂ ಪ್ರವಾಸಿಗರಿಗೂ ಒಗ್ಗುವಂತೆ ಅಡುಗೆಯ ಮೊನಚನ್ನು ಸವೆಸಬೇಕಾಗುತ್ತದೆ. ಹೊರವಲಯದಲ್ಲಿ ಬಾಡಿಗೆ ಕಡಿಮೆ, ಗಿರಾಕಿ ಅಕ್ಕಪಕ್ಕದ ಮನೆಯವನೇ, ಮತ್ತು ಅವನಿಗೆ ಅಮ್ಮನ ಕೈರುಚಿ ನೆನಪಿದೆ. ಆದ್ದರಿಂದ ಅಡುಗೆ ಅಲ್ಲಿ ಇರುತ್ತದೆ. ಮುಖ್ಯರಸ್ತೆಗೆ ಮುಖ ಮಾಡಿ ಬೋರ್ಡು ಹಾಕಿಕೊಂಡಿರುವುದಿಲ್ಲ, ಅಷ್ಟೆ.

ಹುಡುಕಾಟವನ್ನು ಹೋಟೆಲಿನಿಂದ ಆರಂಭಿಸದೆ ಜನರಿಂದ ಆರಂಭಿಸಬೇಕೆಂಬುದು ನನ್ನ ಮೊದಲ ಸಲಹೆ. ‘ಭಾರತೀಯ ಊಟ’ ಎಂಬ ಒಂದು ಊಟ ಇಲ್ಲವೆಂಬುದು ನಮಗೆ ಗೊತ್ತಿದ್ದರೂ ಪರದೇಶದಲ್ಲಿ ಅದನ್ನು ಮರೆಯುತ್ತೇವೆ. ನಿಮ್ಮ ಬಡಾವಣೆಯಲ್ಲಿ ನೆಲೆಸಿರುವವರು ಹೆಚ್ಚಾಗಿ ಪಂಜಾಬಿಗಳೋ ಗುಜರಾತಿಗಳೋ ತೆಲುಗರೋ ಮಲಯಾಳಿಗಳೋ ಎಂಬುದು ತಿಳಿದರೆ ಅಲ್ಲಿ ಯಾವುದು ಚೆನ್ನಾಗಿ ಸಿಗುತ್ತದೆಂಬುದು ಮುಕ್ಕಾಲು ಪಾಲು ತಿಳಿದಂತೆ. ಸೌತ್‌ಹಾಲಿನಲ್ಲಿ ಪಂಜಾಬಿ ಅಡುಗೆ, ವೆಂಬ್ಲಿಯ ಈಲಿಂಗ್ ರಸ್ತೆಯಲ್ಲಿ ಫರ್ಸಾಣ್ ಎಂಬ ಗುಜರಾತಿ ಖಾರದ ತಿಂಡಿಗಳು, ಈಸ್ಟ್ ಹ್ಯಾಮ್ ಕಡೆ ತಮಿಳರ ಮತ್ತು ಮಲಯಾಳಿಗಳ ಅಡುಗೆ ಬೇರೂರಿರುವುದು ಅಲ್ಲಿ ನೆಲೆಸಿದ ಜನರಿಂದಲೇ. ಇದಕ್ಕೆ ಜನಗಣತಿಯ ಅಂಕಿಗಳು ಕೂಡ ನೆರವಾಗುತ್ತವೆ. ಉದಾಹರಣೆಗೆ ಆಸ್ಟ್ರೇಲಿಯಾದ 2021ರ ಗಣತಿಯು ಮನೆಯಲ್ಲಿ ಆಡುವ ಭಾಷೆಯನ್ನು ಬಡಾವಣೆವಾರು ತೋರಿಸುತ್ತದೆ. ಆ ವರ್ಷ ಅಲ್ಲಿ ಮನೆಯಲ್ಲಿ ಪಂಜಾಬಿ ಆಡುವವರು 2,39,000ಕ್ಕೂ ಹೆಚ್ಚಿದ್ದರು, ಐದು ವರ್ಷಗಳಲ್ಲಿ ಶೇಕಡ 80ಕ್ಕಿಂತ ಅಧಿಕ ಏರಿಕೆಯಾಗಿತ್ತು. ಮೆಲ್ಬರ್ನ್‌ನ ಟಾರ್ನೀಟ್‌ನಂಥ ಹೊಸ ಬಡಾವಣೆಗಳಲ್ಲಿ ಛೋಲೆ ಭಟೂರೆ ಚೆನ್ನಾಗಿ ಸಿಕ್ಕಿ, ಕೊಟ್ಟೆ ಕಡುಬು ಸಿಗದೇ ಇರುವುದಕ್ಕೆ ಇದಕ್ಕಿಂತ ಬೇರೆ ವಿವರಣೆ ಬೇಕಿಲ್ಲ. ಪಂಜಾಬಿಗಳ ಬಡಾವಣೆಯಲ್ಲಿ ಕುಳಿತು ಮಸಾಲೆ ದೋಸೆಯನ್ನು ಬಯ್ಯುವುದಕ್ಕಿಂತ ಅಲ್ಲಿನ ಪರಾಠಾ ತಿಂದು ಸುಖಪಡುವುದು ಲೇಸು.

ಗಣತಿಯ ಪಟ್ಟಿ ನೋಡುವ ತಾಳ್ಮೆ ಇಲ್ಲದವರಿಗೆ ದಿನಸಿ ಅಂಗಡಿಯಿದೆ. ಯಾವುದೇ ಬಡಾವಣೆಯಲ್ಲಿ ಹೋಟೆಲಿಗಿಂತ ಮೊದಲು ಬಾಗಿಲು ತೆರೆಯುವುದು ಭಾರತೀಯ ದಿನಸಿ ಅಂಗಡಿ. ಅಲ್ಲಿ ಹತ್ತು ನಿಮಿಷ ಸುಮ್ಮನೆ ಓಡಾಡಿದರೆ ಊರಿನ ಅಡುಗೆಮನೆಗಳೆಲ್ಲ ಕಣ್ಣಿಗೆ ಬೀಳುತ್ತವೆ. ಬಾಗಿಲಲ್ಲೇ ಗೋಧಿ ಹಿಟ್ಟಿನ ದೊಡ್ಡ ಚೀಲಗಳು ಎದೆಯೆತ್ತರ ಪೇರಿಸಿದ್ದರೆ ಉತ್ತರದವರ ಕಡೆ, ಸೋನಾ ಮಸೂರಿ, ಪೊನ್ನಿ, ಇಡ್ಲಿ ಅಕ್ಕಿ ಬೇರೆಬೇರೆಯಾಗಿ ಇಟ್ಟಿದ್ದರೆ ನಮ್ಮ ಕಡೆ, ಕುಚ್ಚಲಕ್ಕಿ ಮತ್ತು ಬಾಳೆಕಾಯಿ ಚಿಪ್ಸ್ ಇದ್ದರೆ ಕರಾವಳಿ ಮತ್ತು ಕೇರಳದ ಕಡೆ ಎಂದು ಲೆಕ್ಕ ಹಾಕಬಹುದು. ತರಕಾರಿ ಮೂಲೆಯಲ್ಲಿ ಕರಿಬೇವಿನ ಎಲೆ ನೋಡಿ. ಅದು ಹಸಿರಾಗಿ, ಕಡ್ಡಿಯ ತುದಿ ಒಣಗದೆ ಇದ್ದರೆ ವಾರದಲ್ಲಿ ಎರಡು ಮೂರು ಸಲ ಹೊಸ ಸರಕು ಬರುತ್ತಿದೆ, ಕೊಳ್ಳುವವರೂ ಇದ್ದಾರೆ ಎಂದರ್ಥ. ಫ್ರಿಜ್ಜಿನಲ್ಲಿ ಕಂಪನಿಯ ಮುದ್ರೆಯಿಲ್ಲದ ಡಬ್ಬದಲ್ಲಿ ದೋಸೆ ಹಿಟ್ಟು ಇದ್ದರೆ ಅದರ ಲೇಬಲ್ಲಿನ ವಿಳಾಸ ಓದಿ, ಏಕೆಂದರೆ ಅದನ್ನು ರುಬ್ಬುವವರು ಅದೇ ಬಡಾವಣೆಯಲ್ಲಿ ಎಲ್ಲೋ ಅಡುಗೆಯನ್ನೂ ಮಾಡುತ್ತಿರುವ ಸಾಧ್ಯತೆ ಹೆಚ್ಚು. ಕೊನೆಗೆ ಗಲ್ಲಾದಲ್ಲಿ ಕುಳಿತವರನ್ನು ‘ಇಲ್ಲಿ ಒಳ್ಳೆಯ ಹೋಟೆಲ್ ಯಾವುದು’ ಎಂದು ಕೇಳಬೇಡಿ. ‘ನೀವು ಮಧ್ಯಾಹ್ನದ ಊಟ ಎಲ್ಲಿಂದ ತರಿಸುತ್ತೀರಿ’ ಎಂದು ಕೇಳಿ. ಮೊದಲ ಪ್ರಶ್ನೆಗೆ ಸ್ನೇಹಿತನ ಹೋಟೆಲಿನ ಹೆಸರು ಬರುತ್ತದೆ, ಎರಡನೆಯದಕ್ಕೆ ನಿಜ ಬರುತ್ತದೆ.

ಇನ್ನು ಮೆನು ಓದುವ ಕ್ರಮ. ನೂರೈವತ್ತು ತಿನಿಸುಗಳ ಮೆನು ಇರುವ ಸಣ್ಣ ಹೋಟೆಲಿನಲ್ಲಿ ನೂರೈವತ್ತು ಬಗೆಯ ಅಡುಗೆ ನಡೆಯುವುದಿಲ್ಲ. ಬೆಳಿಗ್ಗೆ ದೊಡ್ಡ ಪಾತ್ರೆಯಲ್ಲಿ ಈರುಳ್ಳಿಯನ್ನು ಶುಂಠಿ, ಬೆಳ್ಳುಳ್ಳಿ, ಒಂದಿಷ್ಟು ಟೊಮ್ಯಾಟೊ ಜೊತೆ ಮೆತ್ತಗೆ ಬೇಯಿಸಿ ರುಬ್ಬಿಟ್ಟುಕೊಳ್ಳುತ್ತಾರೆ. ಆರ್ಡರ್ ಬಂದಾಗ ಅದರಿಂದ ಎರಡು ಸೌಟು ಬಾಣಲೆಗೆ ಹಾಕಿ, ಪಾಲಕ್ ಸೇರಿಸಿದರೆ ಒಂದು ಹೆಸರು, ಕ್ರೀಮ್ ಮತ್ತು ಗೋಡಂಬಿ ಸೇರಿಸಿದರೆ ಇನ್ನೊಂದು ಹೆಸರು, ಖಾರದ ಪುಡಿ ಹೆಚ್ಚಿಸಿದರೆ ಮತ್ತೊಂದು ಹೆಸರು. ಬ್ರಿಟನ್ನಿನ ಕರಿ ಹೌಸ್‌ಗಳು ಈ ಪದ್ಧತಿಯನ್ನು ಒಂದು ಶಾಸ್ತ್ರವನ್ನಾಗಿಯೇ ಬೆಳೆಸಿವೆ. ಅಲ್ಲಿ ‘ಇಂಡಿಯನ್’ ಎಂಬ ಬೋರ್ಡಿನ ಕೆಳಗೆ ದಶಕಗಳ ಕಾಲ ಅಡುಗೆ ಮಾಡಿದವರಲ್ಲಿ ಬಹಳ ಮಂದಿ ಇಂದಿನ ಬಾಂಗ್ಲಾದೇಶದ ಸಿಲ್ಹೆಟ್ ಕಡೆಯವರು. ಅವರ ಕೈಯಲ್ಲಿ ‘ಮದ್ರಾಸ್’, ‘ವಿಂದಾಲೂ’ ಎಂಬವು ಊರಿನ, ಅಡುಗೆಯ ಹೆಸರುಗಳಾಗಿ ಉಳಿಯದೆ ಖಾರದ ಮೆಟ್ಟಿಲುಗಳಾದವು. ಗೋವಾದ ವಿಂದಾಲೂವಿನ ಮೂಲ ಪೋರ್ಚುಗೀಸರ ದ್ರಾಕ್ಷಾರಸ ಮತ್ತು ಬೆಳ್ಳುಳ್ಳಿಯ ಅಡುಗೆ. ವಿನೆಗರಿನ ಹುಳಿಯೇ ಅದರ ಜೀವ. ಹೆಸರಿನಲ್ಲಿ ‘ಆಲೂ’ ಕೇಳಿಸಿತೆಂದು ಆಲೂಗಡ್ಡೆ ಹಾಕಿ ಕೊಡುವ ಹೋಟೆಲುಗಳಿವೆ! ಕರಿ ಹೌಸ್ ಅಡುಗೆಯನ್ನು ನಾನು ಹಳಿಯುತ್ತಿಲ್ಲ, ಅದಕ್ಕೆ ಅದರದೇ ಆದ ರುಚಿಯೂ ಚರಿತ್ರೆಯೂ ಇವೆ. ಮನೆಯ ಊಟ ಬಯಸಿ ಅಲ್ಲಿಗೆ ಹೋಗುವುದು ಮಾತ್ರ ನಮ್ಮ ತಪ್ಪು.

ಮೆನುವಿನಲ್ಲಿ ಹುಡುಕಬೇಕಾದದ್ದು ಇಂಗ್ಲಿಷಿನಲ್ಲಿ ವಿವರಿಸದೆ ಬಿಟ್ಟಿರುವ ಹೆಸರುಗಳನ್ನು. ‘ಗೊಂಗುರ’, ‘ಉಂಧಿಯು’, ‘ಪುಟ್ಟು ಕಡಲ’ ಎಂದು ಬರೆದು ಮುಂದೇನೂ ಹೇಳದಿರುವ ಹೋಟೆಲಿಗೆ ಆ ಹೆಸರು ಗೊತ್ತಿರುವ ಗಿರಾಕಿಗಳಿದ್ದಾರೆ. ಗೋಡೆಯ ಮೇಲೆ ಕೈಬರಹದಲ್ಲಿ ಅಂಟಿಸಿದ ಚೀಟಿ, ‘ಭಾನುವಾರ ಮಾತ್ರ’ ಎಂಬ ಸೂಚನೆ, ಮುದ್ರಿತ ಮೆನುವಿನ ಕೊನೆಯ ಪುಟದಲ್ಲಿ ಇದ್ದಕ್ಕಿದ್ದಂತೆ ಬರುವ ಐದಾರು ಪ್ರಾದೇಶಿಕ ತಿನಿಸುಗಳು, ಇವುಗಳಿಗೆ ಬೆಲೆ ಕೊಡಿ. ‘ಉಡುಪಿ’ ಎಂಬ ಬೋರ್ಡಿಗೆ ಅಷ್ಟು ಬೆಲೆ ಕೊಡಬೇಕಾಗಿಲ್ಲ. ಪರದೇಶದಲ್ಲಿ ಅದಕ್ಕೆ ದಕ್ಷಿಣ ಭಾರತದ ಸಸ್ಯಾಹಾರ ಎಂಬಷ್ಟೇ ಅರ್ಥ ಉಳಿದಿದೆ. ಮಾಲೀಕರು ಎಲ್ಲಿಯವರು ಬೇಕಾದರೂ ಆಗಿರಬಹುದು, ಸಾಂಬಾರು ಸಿಹಿಯಾಗಿರಬೇಕೆಂಬ ನಿಯಮವೂ ಇಲ್ಲ.

ಹೋಟೆಲ್ ಗೊತ್ತಾದ ಮೇಲೆ ಪರೀಕ್ಷೆ ಮಾಡುವುದು ಹೇಗೆ? ದಕ್ಷಿಣ ಭಾರತದ ಹೋಟೆಲಾದರೆ ಮೊದಲ ಸಲ ಮಸಾಲೆ ದೋಸೆ ತೆಗೆದುಕೊಳ್ಳಬೇಡಿ. ಪಲ್ಯ, ಬೆಣ್ಣೆ, ಕೆಂಪು ಚಟ್ನಿಗಳು ಹಿಟ್ಟಿನ ದೋಷವನ್ನೆಲ್ಲ ಮುಚ್ಚಿಹಾಕುತ್ತವೆ. ಒಂದು ಪ್ಲೇಟು ಇಡ್ಲಿ, ಒಂದು ಸಾದಾ ದೋಸೆ ಸಾಕು. ಇಡ್ಲಿಯನ್ನು ಬೆರಳಲ್ಲಿ ಮೆಲ್ಲಗೆ ಒತ್ತಿ ಬಿಡಿ. ಒತ್ತಿದ ಗುಳಿ ನಿಧಾನವಾಗಿ ಮೇಲೆ ಬಂದರೆ ಹಿಟ್ಟು ಸಹಜವಾಗಿ ಹುದುಗಿದೆ, ಮುರಿದಾಗ ಒಳಗೆ ಸಣ್ಣ ಸಣ್ಣ ಕಣ್ಣುಗಳು ಒಂದೇ ಸಮನಾಗಿರುತ್ತವೆ. ಸ್ಪಂಜಿನಂತೆ ಪುಟಿದು, ಬಾಯಲ್ಲಿ ಸೋಡಾದ ಉಪ್ಪುಪ್ಪು ರುಚಿ ಉಳಿದರೆ ಹಿಟ್ಟು ಹುದುಗುವ ಮೊದಲೇ ಅವಸರ ಮಾಡಿದ್ದಾರೆ. ಚಳಿಯ ದೇಶದಲ್ಲಿ ಇದು ದೊಡ್ಡ ಸಮಸ್ಯೆ. ನಮ್ಮಲ್ಲಿ ರಾತ್ರಿ ಕಳೆಯುವಷ್ಟರಲ್ಲಿ ಉಕ್ಕಿ ಬರುವ ಹಿಟ್ಟು ಅಲ್ಲಿ ಒಂದು ಹಗಲು ಹೆಚ್ಚಿಗೆ ಕೇಳುತ್ತದೆ; ಮನೆಗಳಲ್ಲಿ ಓವನ್ನಿನ ದೀಪ ಹಾಕಿ ಅದರೊಳಗೆ ಪಾತ್ರೆ ಇಡುತ್ತಾರೆ, ಹೋಟೆಲಿನವರು ಬೆಚ್ಚಗಿನ ಕೋಣೆಯನ್ನೇ ಮಾಡಿಕೊಳ್ಳಬೇಕು. ಅಷ್ಟು ಶ್ರದ್ಧೆ ಇದ್ದವರ ಉಳಿದ ಅಡುಗೆಯೂ ಸಾಮಾನ್ಯವಾಗಿ ಚೆನ್ನಾಗಿರುತ್ತದೆ.

ಚಟ್ನಿಯನ್ನು ಸಾಂಬಾರಿನಲ್ಲಿ ಅದ್ದುವ ಮೊದಲು ಬರಿದೇ ನೆಕ್ಕಿ ನೋಡಿ. ಹಸಿ ಕಾಯಿ ಅಥವಾ ತುರಿದು ಫ್ರೀಜ್ ಮಾಡಿದ ಕಾಯಿ ಹಾಕಿದ ಚಟ್ನಿಯಲ್ಲಿ ಹಾಲಿನಂಥ ಸಿಹಿ ಇರುತ್ತದೆ. ಒಣ ಕೊಬ್ಬರಿಪುಡಿ ನೆನೆಸಿ ರುಬ್ಬಿದ್ದಾದರೆ ನಾಲಗೆಗೆ ಮರದ ಹೊಟ್ಟಿನಂತೆ ಒರಟಾಗಿ ತಾಗಿ, ಬಟ್ಟಲಿನ ಅಂಚಿನಲ್ಲಿ ನೀರು ಬೇರೆಯಾಗಿ ನಿಲ್ಲುತ್ತದೆ. ಸಾಂಬಾರಿನ ವಿಷಯದಲ್ಲಿ ನನ್ನದು ಕಠಿಣ ನಿಲುವು: ಚಮಚ ತಿರುವಿದಾಗ ಬೇಳೆ ತಳದಿಂದ ಎದ್ದು ಮತ್ತೆ ಕೂತರೆ ಅದು ಬೆಳಿಗ್ಗೆಯಿಂದ ಮತ್ತೆ ಮತ್ತೆ ನೀರು ಸೇರಿಸಿ ಕಾಯಿಸಿದ ಸಾಂಬಾರು, ಅಂಥ ಕಡೆ ಎರಡನೆಯ ಸಲ ಹೋಗುವುದು ಬೇಡ.

ಉತ್ತರ ಭಾರತದ ಹೋಟೆಲಿಗೆ ಪರೀಕ್ಷೆ ಇನ್ನೂ ಸರಳ. ಹಳದಿ ದಾಲ್ ಮತ್ತು ತಂದೂರಿ ರೊಟ್ಟಿ ತರಿಸಿ. ದಾಲ್‌ನಲ್ಲಿ ಕ್ರೀಮಿನ ಮರೆ ಇಲ್ಲ. ಒಗ್ಗರಣೆಯ ಜೀರಿಗೆ ಸಿಡಿದಿದೆಯೇ ಸೀದಿದೆಯೇ ಎಂಬುದು ಮೊದಲ ತುತ್ತಿನಲ್ಲೇ ಗೊತ್ತಾಗುತ್ತದೆ. ರೊಟ್ಟಿಯ ಕೆಳಮೈಯಲ್ಲಿ ತಂದೂರಿನ ಗೋಡೆಗೆ ಅಂಟಿದ ಗುರುತು, ಮೇಲ್ಮೈಯಲ್ಲಿ ಅಲ್ಲಲ್ಲಿ ಕಪ್ಪು ಗುಳ್ಳೆ ಇರಬೇಕು. ಮಧ್ಯಾಹ್ನ ತಂದೂರು ಹಚ್ಚದೆ ತವೆಯ ಮೇಲೆ ಬಿಸಿ ಮಾಡಿ ಕೊಡುವ ಹೋಟೆಲುಗಳೂ ಇವೆ, ಆದ್ದರಿಂದ ಆರ್ಡರ್ ಕೊಡುವ ಮೊದಲೇ ಕೇಳಿಬಿಡುವುದು ಒಳ್ಳೆಯದು. ಬಿರಿಯಾನಿಯಾದರೆ ಕೇಳಬೇಕಾದ ಪ್ರಶ್ನೆ ಒಂದೇ: ‘ಹಂಡೆ ಎಷ್ಟು ಹೊತ್ತಿಗೆ ತೆರೆಯುತ್ತೀರಿ?’ ಹೈದರಾಬಾದಿನ ಕಚ್ಚಿ ಬಿರಿಯಾನಿಯಲ್ಲಿ ಮಸಾಲೆಯಲ್ಲಿ ನೆನೆಸಿದ ಹಸಿ ಮಾಂಸದ ಮೇಲೆ ಅರೆಬೆಂದ ಅಕ್ಕಿ ಹರಡಿ, ಬಾಯಿ ಮುಚ್ಚಿ ದಮ್ ಕೊಡುತ್ತಾರೆ. ಅದಕ್ಕೆ ಒಂದು ವೇಳೆ ಇದೆ. ವೇಳೆ ಹೇಳಿದವನ ಬಳಿ ಹಂಡೆ ಇದೆ. ‘ಯಾವಾಗ ಬೇಕಾದರೂ ಹತ್ತು ನಿಮಿಷದಲ್ಲಿ ಕೊಡುತ್ತೇವೆ’ ಎಂದವನ ಬಳಿ ಹೆಚ್ಚಾಗಿ ಅನ್ನ ಒಂದು ಕಡೆ, ಗ್ರೇವಿ ಇನ್ನೊಂದು ಕಡೆ ಇರುತ್ತದೆ.

ಬಫೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆರಂಭದ ಅರ್ಧ ಗಂಟೆಯೊಳಗೆ ಹೋಗಿ, ಇಲ್ಲವಾದರೆ ಹೋಗಬೇಡಿ. ಬಿಸಿ ಆಹಾರವನ್ನು ಆಸ್ಟ್ರೇಲಿಯಾದಲ್ಲಿ 60 ಡಿಗ್ರಿ, ಇಂಗ್ಲೆಂಡಿನಲ್ಲಿ 63 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯಾಗದಂತೆ ಇಡಬೇಕೆಂಬ ನಿಯಮವಿದೆ. ಮುಚ್ಚಳ ತೆಗೆದಾಗ ಹಬೆ ಏಳದ ಪಾತ್ರೆಗೆ ಕೈ ಹಾಕಬಾರದೆಂದು ತಿಳಿಯಲು ಥರ್ಮಾಮೀಟರು ಬೇಕಾಗುವುದಿಲ್ಲ.

ಆನ್‌ಲೈನ್ ವಿಮರ್ಶೆಗಳನ್ನು ಓದುವುದಕ್ಕೂ ಒಂದು ಕ್ರಮವಿದೆ. ನಕ್ಷತ್ರಗಳ ಸರಾಸರಿಯನ್ನು ಬದಿಗಿಟ್ಟು, ತಿನಿಸಿನ ಹೆಸರು ಹಿಡಿದು ಬರೆದವರ ಮಾತನ್ನು ಮಾತ್ರ ಓದಿ. ‘ಸೇವೆ ನಿಧಾನ, ಕುರ್ಚಿಗಳು ಹಳೆಯವು, ಖಾರ ಸಹಿಸಲಾಗಲಿಲ್ಲ’ ಎಂದು ಒಬ್ಬರು ಒಂದೇ ನಕ್ಷತ್ರ ಕೊಟ್ಟಿದ್ದರೆ ನಾನು ಆ ಹೋಟೆಲಿನ ವಿಳಾಸವನ್ನು ಗುರುತು ಹಾಕಿಕೊಳ್ಳುತ್ತೇನೆ. ಮಾಲೀಕರು ಹಾಕಿದ ಫೋಟೊಗಳನ್ನು ಬಿಟ್ಟು ಗಿರಾಕಿಗಳು ತೆಗೆದ ಮಂಕು ಫೋಟೊಗಳನ್ನು ದೊಡ್ಡದು ಮಾಡಿ ನೋಡಿ; ಹಿನ್ನೆಲೆಯ ಟೇಬಲ್ಲಿನಲ್ಲಿ ಅಜ್ಜಿಯೊಬ್ಬರು ಕುಳಿತು ಉಣ್ಣುತ್ತಿದ್ದರೆ ಅದಕ್ಕಿಂತ ದೊಡ್ಡ ಪ್ರಮಾಣಪತ್ರವಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಹೊಸ ವಿಮರ್ಶೆಗಳು ಮೊದಲು ಬರುವಂತೆ ಜೋಡಿಸಿಕೊಳ್ಳಿ. ಸಣ್ಣ ಹೋಟೆಲಿನ ರುಚಿ ಒಬ್ಬ ಅಡುಗೆಯವನ ಕೈಯಲ್ಲಿರುತ್ತದೆ. ಅವನು ವೀಸಾ ಮುಗಿದು ಊರಿಗೆ ಹೋದರೆ ಅಥವಾ ಇನ್ನೊಂದು ಕಡೆ ಹೆಚ್ಚು ಸಂಬಳಕ್ಕೆ ಸೇರಿದರೆ, ಬೋರ್ಡು ಮೆನು ಎಲ್ಲ ಹಾಗೆಯೇ ಇದ್ದು ಊಟ ಮಾತ್ರ ಬೇರೆಯಾಗುತ್ತದೆ. ಎರಡು ವರ್ಷದ ಹಿಂದಿನ ಹೊಗಳಿಕೆ ಈಗ ಬೇರೆ ಊರಲ್ಲಿರುವವನಿಗೆ ಸಂದದ್ದಾಗಿರಬಹುದು.

ಒಳಗೆ ಹೋಗಿ ಕುಳಿತ ಮೇಲೆ ಬಾಯಿ ಬಿಟ್ಟು ಕೇಳುವುದರಷ್ಟು ಫಲ ಕೊಡುವ ಉಪಾಯ ಇನ್ನೊಂದಿಲ್ಲ. ನಮ್ಮ ಮನೆಗೆ ಹತ್ತು ನಿಮಿಷದ ದಾರಿಯಲ್ಲಿ ಬಟರ್ ಚಿಕನ್, ಚೌಮೀನ್, ಪಿಜ್ಜಾ ಎಲ್ಲ ಒಂದೇ ಮೆನುವಿನಲ್ಲಿ ಇಟ್ಟಿದ್ದ ಹೋಟೆಲೊಂದಿತ್ತು. ಮಳೆ ಬಂದಿತೆಂಬ ಒಂದೇ ಕಾರಣಕ್ಕೆ ಒಮ್ಮೆ ಒಳಗೆ ಹೋದೆ. ನೀರು ತಂದಿಟ್ಟ ಹುಡುಗ ಪಕ್ಕಕ್ಕೆ ಸರಿದು ಫೋನಿನಲ್ಲಿ ‘ಇಲ್ಲ ಮಾರಾಯ್ತಿ, ಇನ್ನೂ ಊಟ ಆಗ್ಲಿಲ್ಲ’ ಎಂದದ್ದು ಕಿವಿಗೆ ಬಿತ್ತು. ಯಾವ ಊರು ಎಂದು ಕನ್ನಡದಲ್ಲೇ ಕೇಳಿದಾಗ ಅವನು ಒಂದು ಕ್ಷಣ ತಬ್ಬಿಬ್ಬಾಗಿ, ಆಮೇಲೆ ನಕ್ಕು, ‘ಪುತ್ತೂರು ಸರ್, ಒಳಗೆ ಅಡುಗೆಯವರೂ ನಮ್ಮ ಕಡೆಯವರೇ’ ಎಂದ. ಇವತ್ತು ನಿಮಗಾಗಿ ಏನು ಮಾಡಿಕೊಂಡಿದ್ದೀರಿ ಎಂದು ಕೇಳಿದೆ. ಹತ್ತು ನಿಮಿಷದಲ್ಲಿ ಕುಚ್ಚಲಕ್ಕಿ ಅನ್ನ, ಹುರುಳಿ ಸಾರು, ಒಂದು ಚೂರು ಮಾವಿನ ಮಿಡಿ ಉಪ್ಪಿನಕಾಯಿ ಬಂತು. ಮೆನುವಿನ ಯಾವ ಪುಟದಲ್ಲೂ ಅವು ಇರಲಿಲ್ಲ. ಅಂದಿನಿಂದ ನಾನು ಎಲ್ಲಿ ಹೋದರೂ ಕೇಳುವ ಮೊದಲ ಪ್ರಶ್ನೆ ಅದೇ. ಎಲ್ಲರೂ ಕೊಡುವುದಿಲ್ಲ, ಕೊಡಲೇಬೇಕೆಂದು ಒತ್ತಾಯಿಸುವುದೂ ಸಲ್ಲದು, ಏಕೆಂದರೆ ಅದು ಕೆಲಸದವರ ಪಾಲಿನ ಊಟ. ಆದರೆ ‘ಮುಂದಿನ ಶನಿವಾರ ಬನ್ನಿ, ಮಾಡಿಡುತ್ತೇವೆ’ ಎನ್ನುವವರು ಬಹಳ ಮಂದಿ ಸಿಗುತ್ತಾರೆ. ಮೈಲ್ಡ್ ಬೇಕೋ ಮೀಡಿಯಂ ಬೇಕೋ ಎಂಬ ಪ್ರಶ್ನೆಗೂ ‘ನೀವು ಮನೆಯಲ್ಲಿ ಉಣ್ಣುವ ಹಾಗೆ ಮಾಡಿ’ ಎಂದು ಹೇಳಿದರೆ ಅಡುಗೆಯವನಿಗೆ ಸಂದೇಶ ಸರಿಯಾಗಿ ತಲುಪುತ್ತದೆ.

ಹೋಟೆಲುಗಳ ಆಚೆಗೂ ಊಟವಿದೆ. ದೇವಸ್ಥಾನಗಳು ಸ್ಥಳಾವಕಾಶಕ್ಕಾಗಿ ಹೊರವಲಯವನ್ನೇ ಆರಿಸಿಕೊಳ್ಳುವುದುಂಟು, ಮತ್ತು ದಕ್ಷಿಣ ಭಾರತದವರು ಕಟ್ಟಿದ ದೇವಸ್ಥಾನಗಳಲ್ಲಿ ಕ್ಯಾಂಟೀನ್ ಇರುವ ಸಂಭವ ಹೆಚ್ಚು. ನ್ಯೂಯಾರ್ಕಿನ ಕ್ವೀನ್ಸ್ ಪ್ರದೇಶದ ಫ್ಲಶಿಂಗ್‌ನಲ್ಲಿರುವ ಗಣೇಶ ದೇವಸ್ಥಾನದ ನೆಲಮಾಳಿಗೆಯ ಕ್ಯಾಂಟೀನಿನ ದೋಸೆಗಾಗಿ ಭಕ್ತರಲ್ಲದವರೂ ಸಾಲು ನಿಲ್ಲುತ್ತಾರೆ. ಸಿಡ್ನಿಯ ದಕ್ಷಿಣಕ್ಕೆ ಹೆಲೆನ್ಸ್‌ಬರ್ಗ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ದೂರದಿಂದ ಬರುವವರೂ ಕ್ಯಾಂಟೀನಿಗೆ ಹೋಗದೆ ಹಿಂದಿರುಗುವುದು ಕಡಿಮೆ. ಸಿಖ್ಖರ ಗುರುದ್ವಾರದಲ್ಲಿ ಎಲ್ಲರಿಗೂ ಬಡಿಸುವ ಲಂಗರ್ ಊಟ ಬೇರೆಯೇ ಬಗೆಯದು. ಅಲ್ಲಿ ಹಣವಿಲ್ಲ, ಗಿರಾಕಿಯೂ ಇಲ್ಲ. ತಲೆಗೆ ಬಟ್ಟೆ ಕಟ್ಟಿಕೊಂಡು, ಚಪ್ಪಲಿ ಬಿಟ್ಟು, ಎಲ್ಲರೊಂದಿಗೆ ಪಂಕ್ತಿಯಲ್ಲಿ ಕುಳಿತು, ಬಡಿಸಿದ್ದನ್ನು ಚೆಲ್ಲದೆ ಉಂಡು, ಸಾಧ್ಯವಾದರೆ ಪಾತ್ರೆ ತೊಳೆಯಲು ಕೈ ಜೋಡಿಸಬೇಕು. ಅದನ್ನು ಅಗ್ಗದ ಹೋಟೆಲಿನಂತೆ ವಾರವಾರ ಬಳಸಿಕೊಳ್ಳುವುದು ಮರ್ಯಾದೆಯಲ್ಲ.

ಕನ್ನಡದ ಅಡುಗೆಯೇ ಬೇಕೆನ್ನುವವರಿಗೆ ಅತ್ಯಂತ ಒಳ್ಳೆಯ ದಾರಿ ಕನ್ನಡ ಕೂಟ. ಯುಗಾದಿಗೋ ನವೆಂಬರಿನ ರಾಜ್ಯೋತ್ಸವಕ್ಕೋ ಶಾಲೆಯ ಸಭಾಂಗಣ ಬಾಡಿಗೆಗೆ ಹಿಡಿದು ನೂರಾರು ಜನಕ್ಕೆ ಬಿಸಿಬೇಳೆ ಭಾತ್, ಕೋಸಂಬರಿ, ಒಬ್ಬಟ್ಟು ಹಾಕಿಸುತ್ತಾರಲ್ಲ, ಆ ಅಡುಗೆ ಯಾರು ಮಾಡಿದರೆಂದು ಸಮಿತಿಯವರನ್ನು ಕೇಳಿ ಫೋನ್ ನಂಬರ್ ಬರೆದುಕೊಳ್ಳಿ. ಬೋರ್ಡಿಲ್ಲದ, ಮನೆಯಲ್ಲೇ ಅಥವಾ ಬಾಡಿಗೆಯ ಅಡುಗೆಮನೆಯಲ್ಲಿ ಮಾಡಿ ಕೊಡುವ ಇಂಥವರನ್ನು ಯಾವ ನಕ್ಷೆಯೂ ತೋರಿಸುವುದಿಲ್ಲ. ವಾಟ್ಸ್ಆ್ಯಪ್ ಗುಂಪಿನಲ್ಲಿ ಗುರುವಾರ ರಾತ್ರಿ ಮೆನು ಬರುತ್ತದೆ, ಶುಕ್ರವಾರದೊಳಗೆ ಹೇಳಬೇಕು, ಭಾನುವಾರ ಬೆಳಿಗ್ಗೆ ಅವರ ಮನೆಬಾಗಿಲಿಗೆ ಹೋಗಿ ಡಬ್ಬ ತರಬೇಕು. ಒಂದು ಎಚ್ಚರಿಕೆ: ಮನೆಯಿಂದ ಮಾರುವವರಿಗೂ ಕಾನೂನಿದೆ. ಇಂಗ್ಲೆಂಡಿನಲ್ಲಿ ವ್ಯಾಪಾರ ಆರಂಭಿಸುವ ಕನಿಷ್ಠ 28 ದಿನ ಮೊದಲು ಸ್ಥಳೀಯ ಕೌನ್ಸಿಲ್‌ನಲ್ಲಿ ನೋಂದಾಯಿಸಿಕೊಳ್ಳಬೇಕು, ಆಮೇಲೆ ತಪಾಸಣೆ ನಡೆದು ಸೊನ್ನೆಯಿಂದ ಐದರವರೆಗಿನ ನೈರ್ಮಲ್ಯದ ಅಂಕ ಸಿಗುತ್ತದೆ. ಆ ಅಂಕವನ್ನು ಹೆಸರು ಹಾಕಿ ಯಾರು ಬೇಕಾದರೂ ನೋಡಬಹುದು. ನೋಂದಣಿ ಇದೆಯೇ ಎಂದು ಸಂಕೋಚವಿಲ್ಲದೆ ಕೇಳಿ; ಇದ್ದವರು ಸಂತೋಷದಿಂದ ತೋರಿಸುತ್ತಾರೆ.

ಮನೆಗೆ ತರಿಸಿಕೊಳ್ಳುವ ಮಾತಿಗೆ ಬಂದರೆ, ಹೊರವಲಯದಲ್ಲಿ ದೂರವೇ ಶತ್ರು. ಬಿರಿಯಾನಿ, ಪುಳಿಯೋಗರೆ, ರಾಜ್ಮಾ, ಕೂರ್ಮಾ ಅರ್ಧ ಗಂಟೆಯ ಪ್ರಯಾಣವನ್ನು ತಡೆದುಕೊಳ್ಳುತ್ತವೆ, ಕೆಲವು ಇನ್ನೂ ರುಚಿಯಾಗುತ್ತವೆ. ದೋಸೆ, ಪೂರಿ, ನಾನ್ ತಡೆದುಕೊಳ್ಳುವುದಿಲ್ಲ. ಪ್ಲಾಸ್ಟಿಕ್ ಡಬ್ಬದೊಳಗೆ ತನ್ನದೇ ಹಬೆಯಲ್ಲಿ ಬೆವರಿ ಚರ್ಮದಂತಾದ ದೋಸೆಗೆ ದುಡ್ಡು ಕೊಟ್ಟು, ಆಮೇಲೆ ಹೋಟೆಲಿಗೆ ಒಂದು ನಕ್ಷತ್ರ ಕೊಡುವುದು ನ್ಯಾಯವಲ್ಲ. ಹಿಟ್ಟು, ಚಟ್ನಿ, ಸಾಂಬಾರು ಮಾತ್ರ ಕೊಡುತ್ತೀರಾ ಎಂದು ಕೇಳಿ ತಂದು ಮನೆಯ ಕಾವಲಿಯಲ್ಲಿ ಹುಯ್ದುಕೊಳ್ಳಿ.

ಹೊರಡುವ ಮೊದಲು ಒಂದು ಫೋನ್ ಮಾಡುವುದನ್ನು ಮಾತ್ರ ಮರೆಯಬೇಡಿ. ಸಣ್ಣ ಹೋಟೆಲುಗಳು ಶನಿವಾರ ಭಾನುವಾರ ದುಡಿದು ಸೋಮವಾರವೋ ಮಂಗಳವಾರವೋ ಬಾಗಿಲು ಹಾಕುತ್ತವೆ, ಮಧ್ಯಾಹ್ನ ಮೂರರಿಂದ ಐದೂವರೆಯವರೆಗೆ ಒಲೆ ಆರಿಸುವವರೂ ಇದ್ದಾರೆ, ಮತ್ತು ಅಂತರ್ಜಾಲದಲ್ಲಿ ತೋರಿಸುವ ಸಮಯವನ್ನು ತಿದ್ದಲು ಅವರಿಗೆ ಪುರುಸೊತ್ತಿರುವುದಿಲ್ಲ. ತೆರೆದಿದ್ದೀರಾ ಎಂದು ಕೇಳಿದ ಮೇಲೆ, ಹಿಟ್ಟು ಉಳಿದಿದೆಯೇ ಎಂದೂ ಕೇಳಿ. ಇದ್ದರೆ ಎರಡು ದೋಸೆಯಷ್ಟು ಎತ್ತಿಡಲು ಹೇಳಿ, ಹೆಸರು ಕೊಟ್ಟು ಹೊರಡಿ.